ಐಷಾರಾಮಿ ವಸತಿ ಯೋಜನೆಗಳ ಬ್ರ್ಯಾಂಡಿಂಗ್ ಮತ್ತು ಮುದ್ರಿತ ಪ್ರಚಾರ

ಐಷಾರಾಮಿ ವಸತಿ ಯೋಜನೆಗಳ ಬ್ರ್ಯಾಂಡಿಂಗ್ ಎಂದರೆ ದುಬಾರಿ ಅಪಾರ್ಟ್‌ಮೆಂಟ್, ವಿಲ್ಲಾ ಮೊದಲಾದವುಗಳ ಮಾರಾಟಕ್ಕಾಗಿ ಯೋಜನೆಗೊಂದು ಹೆಸರು, ಲಾಂಛನ, ವರ್ಣಸಂಯೋಜನೆ ಹಾಗೂ ಅಕ್ಷರಶೈಲಿಯನ್ನು ರೂಪಿಸಿ, ಬ್ರೋಷರ್, ಪತ್ರಿಕಾ ಜಾಹೀರಾತು ಮತ್ತು ಹೋರ್ಡಿಂಗ್‌ಗಳಲ್ಲಿ ಅವನ್ನು ಏಕರೂಪವಾಗಿ ಬಳಸುವ ಕಾರ್ಯ. ಭಾರತದಲ್ಲಿ ಇಂತಹ ಅನೇಕ ಮನೆಗಳು ನಿರ್ಮಾಣ ಮುಗಿಯುವ ಮೊದಲೇ ಮಾರಾಟವಾಗುತ್ತವೆ. ಮುಂಗಡ ನೀಡುವ ಹೊತ್ತಿಗೆ ಗ್ರಾಹಕರು ಕಂಡಿರುವುದು ಹೆಚ್ಚೆಂದರೆ ಮುದ್ರಿತ ಚಿತ್ರಗಳನ್ನು ಮತ್ತು ಮಾದರಿ ಮನೆಯನ್ನು. ಹಾಗಾಗಿ ಈ ಸಾಮಗ್ರಿಗೆ ಕಾನೂನಿನ ದೃಷ್ಟಿಯಿಂದಲೂ ಮಹತ್ವವಿದೆ.

ಹಿನ್ನೆಲೆ

ಬಡಾವಣೆಗೆ ಹೆಸರಿಟ್ಟು ಮಾರುವ ಪದ್ಧತಿ ಹಳೆಯದು. ಲಂಡನ್ನಿನ ಮೆಟ್ರೊಪಾಲಿಟನ್ ರೈಲ್ವೆಯು ತನ್ನ ಮಾರ್ಗದ ಉಪನಗರಗಳನ್ನು ಪರಿಚಯಿಸಲು 1915ರಿಂದ 1932ರವರೆಗೆ ‘ಮೆಟ್ರೋ-ಲ್ಯಾಂಡ್’ ಎಂಬ ವಾರ್ಷಿಕ ಕೈಪಿಡಿಯನ್ನು ಪ್ರಕಟಿಸಿತು. ಲಾಸ್ ಏಂಜಲೀಸ್‌ನ ಪ್ರಸಿದ್ಧ ‘ಹಾಲಿವುಡ್’ ಫಲಕವೂ 1923ರಲ್ಲಿ ‘ಹಾಲಿವುಡ್‌ಲ್ಯಾಂಡ್’ ಎಂಬ ಬಡಾವಣೆಯ ಜಾಹೀರಾತಾಗಿ ನಿಂತದ್ದು. ಕೊನೆಯ ನಾಲ್ಕು ಅಕ್ಷರಗಳನ್ನು 1949ರಲ್ಲಿ ತೆಗೆಯಲಾಯಿತು.

ಬ್ರೋಷರ್‌ನ ವಿನ್ಯಾಸ ಮತ್ತು ಮುದ್ರಣ

ಬ್ರೋಷರ್‌ನಲ್ಲಿ ಸಾಮಾನ್ಯವಾಗಿ ಕಂಪ್ಯೂಟರ್‌ನಲ್ಲಿ ರಚಿಸಿದ ಕಟ್ಟಡದ ಚಿತ್ರಗಳು, ಸ್ಥಳನಕ್ಷೆ, ಮಹಡಿಗಳ ನಕ್ಷೆ, ಸೌಲಭ್ಯಗಳ ವಿವರ ಮತ್ತು ಬಳಸುವ ಸಾಮಗ್ರಿಗಳ ಪಟ್ಟಿ ಇರುತ್ತವೆ. ವಿಶಾಲವಾದ ಖಾಲಿ ಜಾಗ, ಮಿತವಾದ ಬರಹ, ದಪ್ಪ ಕಾಗದ ಇವು ಐಷಾರಾಮದ ಸೂಚನೆಗಳೆಂದು ರೂಢಿಯಾಗಿವೆ. ನಾಲ್ಕು ಬಣ್ಣಗಳ ಆಫ್‌ಸೆಟ್ ಮುದ್ರಣದಲ್ಲಿ ಚಿನ್ನದ ಹೊಳಪು ಮೂಡುವುದಿಲ್ಲ. ಅದಕ್ಕಾಗಿ ಬಿಸಿ ಅಚ್ಚಿನಿಂದ ಲೋಹದ ಹಾಳೆಯನ್ನು ಒತ್ತುತ್ತಾರೆ ಅಥವಾ ಲೋಹವರ್ಣದ ಶಾಯಿಯನ್ನು ಬಳಸುತ್ತಾರೆ. ಲಾಂಛನವನ್ನು ಉಬ್ಬಚ್ಚಿನಲ್ಲಿ ಮೂಡಿಸುವುದೂ ಉಂಟು. ಲೇಪನವಿಲ್ಲದ ಕಾಗದ ಮುಟ್ಟಲು ಹಿತವಾದರೂ ಶಾಯಿಯನ್ನು ಹೀರಿಕೊಳ್ಳುವುದರಿಂದ ಚಿತ್ರಗಳು ಮಂಕಾಗುತ್ತವೆ. ಆದ್ದರಿಂದ ಅಂತಿಮ ಕಾಗದದ ಮೇಲೆಯೇ ಪ್ರೂಫ್ ತೆಗೆದು ನೋಡುವುದು ಅಗತ್ಯ. ಮಧ್ಯದಲ್ಲಿ ಪಿನ್ ಹೊಡೆಯುವ ಪುಸ್ತಿಕೆಯ ಪುಟಸಂಖ್ಯೆ ನಾಲ್ಕರ ಗುಣಕವಾಗಿರಬೇಕು.

ಕಾನೂನು

ಸ್ಥಿರಾಸ್ತಿ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ, 2016 (ರೇರಾ) ಈ ಕ್ಷೇತ್ರದ ವಿನ್ಯಾಸಕಾರರಿಗೂ ಮುಖ್ಯವಾದದ್ದು. ನೋಂದಣಿ ಕಡ್ಡಾಯವಾದ ಯೋಜನೆಯನ್ನು ನೋಂದಾಯಿಸದೆ ಜಾಹೀರಾತು ನೀಡುವಂತಿಲ್ಲ. ನೀಡಿದಲ್ಲಿ ಯೋಜನೆಯ ಅಂದಾಜು ವೆಚ್ಚದ ಶೇ. 10ರವರೆಗೆ ದಂಡ ವಿಧಿಸಬಹುದು. ಸೆಕ್ಷನ್ 11ರ ಪ್ರಕಾರ ಜಾಹೀರಾತಿನಲ್ಲಿ ಪ್ರಾಧಿಕಾರದ ಜಾಲತಾಣದ ವಿಳಾಸ ಮತ್ತು ನೋಂದಣಿ ಸಂಖ್ಯೆ ಎದ್ದು ಕಾಣುವಂತಿರಬೇಕು. ಕರ್ನಾಟಕದ ಯೋಜನೆಗಳ ಸಂಖ್ಯೆ ‘ಪಿಆರ್‌ಎಂ/ಕೆಎ/ರೇರಾ’ ಎಂದು ಆರಂಭವಾಗುತ್ತದೆ. ನೋಟದ ಸರಳತೆ ಕೆಡುತ್ತದೆಂದು ಇದನ್ನು ಮೂಲೆಗೆ ತಳ್ಳುವುದು ಕಾಯ್ದೆಯ ಆಶಯಕ್ಕೆ ವಿರುದ್ಧ.

ವಿಸ್ತೀರ್ಣದ ವಿಷಯದಲ್ಲಿ ಗೊಂದಲ ಹೆಚ್ಚು. ಮೆಟ್ಟಿಲು, ಲಿಫ್ಟ್, ಹಜಾರ ಮುಂತಾದ ಸಾಮಾನ್ಯ ಪ್ರದೇಶಗಳ ಪಾಲು ಸೇರಿದ ‘ಸೂಪರ್ ಬಿಲ್ಟ್-ಅಪ್’ ಅಳತೆಯು ಮನೆಯನ್ನು ದೊಡ್ಡದಾಗಿ ತೋರಿಸುತ್ತದೆ. ಕಾಯ್ದೆಯು ವ್ಯಾಖ್ಯಾನಿಸುವ ‘ಕಾರ್ಪೆಟ್ ಏರಿಯಾ’ದಲ್ಲಿ ಒಳಗಿನ ಗೋಡೆಗಳು ಸೇರುತ್ತವೆ, ಹೊರಗೋಡೆ, ಬಾಲ್ಕನಿ ಮತ್ತು ತೆರೆದ ತಾರಸಿ ಸೇರುವುದಿಲ್ಲ.

ಜಾಹೀರಾತು, ಮಾಹಿತಿ ಪುಸ್ತಿಕೆ ಅಥವಾ ಮಾದರಿ ಮನೆಯಲ್ಲಿನ ಸುಳ್ಳು ವಿವರವನ್ನು ನಂಬಿ ಮುಂಗಡ ಕೊಟ್ಟು ನಷ್ಟ ಅನುಭವಿಸಿದವರಿಗೆ ಸೆಕ್ಷನ್ 12ರ ಪ್ರಕಾರ ಪರಿಹಾರ ಸಲ್ಲುತ್ತದೆ. ಅವರು ಯೋಜನೆಯಿಂದ ಹೊರಬರಲು ಬಯಸಿದರೆ ಪೂರ್ಣ ಹಣವನ್ನು ಬಡ್ಡಿ ಮತ್ತು ಪರಿಹಾರ ಸಹಿತ ಹಿಂದಿರುಗಿಸಬೇಕು. ಬ್ರೋಷರ್‌ಗಳ ಕೊನೆಯ ಪುಟದಲ್ಲಿ ‘ಚಿತ್ರಗಳು ಕಲಾವಿದರ ಕಲ್ಪನೆ’ ಎಂಬ ಷರಾ ಸಣ್ಣ ಅಕ್ಷರಗಳಲ್ಲಿ ಕಾಣಿಸುವುದು ಸಾಮಾನ್ಯ. ಇಂತಹ ಷರಾ ಹಾಕಿದವರಿಗೆ ವಿನಾಯಿತಿ ಇದೆಯೆಂದು ಸೆಕ್ಷನ್ 12 ಎಲ್ಲಿಯೂ ಹೇಳುವುದಿಲ್ಲ.