ಭೂಮಿಯ ಹಸಿ ಅಳೆದ ಇತಿಹಾಸ



ಸಾಲ, ವಸೂಲಿ, ಶೇರು ಬಂಡವಾಳದ ಲೆಕ್ಕಗಳು ಈ ಬೆಳ್ಳಿಹಬ್ಬದ ಸಂಚಿಕೆಯ ಬೇರೆ ಪುಟಗಳಲ್ಲಿವೆ. ಆ ಎಲ್ಲ ಲೆಕ್ಕದ ಬುಡಕ್ಕೆ ಇರುವುದು ಭೂಮಿಯ ಹಸಿ. ಅದು ಕಡಿಮೆಯಾದರೆ ಬೆಳೆ ಒಣಗುತ್ತದೆ, ಅತಿಯಾದರೆ ಭೂಮಿಯೇ ಸವಳು-ಜವಳು ಆಗುತ್ತದೆ. ಎರಡರಲ್ಲೂ ಸಾಲ ತೀರುವುದಿಲ್ಲ. ಆದ್ದರಿಂದ ಈ ಹಸಿ ಅಳೆಯುವ ವಿದ್ಯೆ ಬೆಳೆದು ಬಂದ ದಾರಿಯನ್ನು ನಾವು ತಿಳಿದಷ್ಟು ಬರೆದಿದ್ದೇವೆ.

ನಮ್ಮ ಹಿರಿಯರ ಅಳತೆ ಕೈಯಲ್ಲೇ ಇತ್ತು. ಎರಿ ಮಣ್ಣನ್ನು ಹಿಡಿಯಲ್ಲಿ ಒತ್ತಿ ಉಂಡೆ ಮಾಡಿ, ಅದು ಒಡೆಯುವ ಬಗೆ ನೋಡಿ, 'ಹದ ಬಂದೈತಿ, ಕೂರಿಗಿ ಹೂಡ್ರಿ' ಅನ್ನುತ್ತಿದ್ದರು. ಮಳೆ ನಂಬಿದ ಕಾಲಕ್ಕೆ ಅಷ್ಟು ಸಾಕಿತ್ತು. 1897ರಲ್ಲಿ ಧೂಪದಾಳದ ಒಡ್ಡು, 1970ರ ದಶಕದಲ್ಲಿ ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯ ಆದವು. ಘಟಪ್ರಭೆಯ ನೀರು ಕಾಲುವೆಯಲ್ಲಿ ಗೋಕಾಕ, ಮೂಡಲಗಿ ಕಡೆಯ ಹೊಲಗಳಿಗೆ ಬಂತು. ಅಂದಿನಿಂದ ಹಸಿ ಎಷ್ಟು ಸಾಕು ಎಂಬುದೂ ಪ್ರಶ್ನೆಯಾಯಿತು.

ಪ್ರಯೋಗಾಲಯದ ಅಳತೆ ಸರಳ. ಮಣ್ಣು ತೂಗಿ, 105 ಡಿಗ್ರಿ ಕಾವಿನಲ್ಲಿ ಒಂದು ದಿನ ಒಣಗಿಸಿ, ಮತ್ತೆ ತೂಗುವುದು. 100 ಗ್ರಾಂ ಮಣ್ಣು 80ಕ್ಕೆ ಇಳಿದರೆ 20 ಗ್ರಾಂ ನೀರು. ಆದರೆ ಇದು ಒಂದು ಜಾಗದ ಲೆಕ್ಕ, ಮೂರು ತಾಲೂಕಿನ ಮಣ್ಣು ಹೀಗೆ ತೂಗಲಾಗದು.

ಇಲ್ಲಿ ಮೈಕ್ರೋವೇವ್ ಅಲೆಗಳು ನೆರವಿಗೆ ಬಂದವು. ವಿದ್ಯುತ್ ಅಲೆಗಳಿಗೆ ಒಣ ಮಣ್ಣು ಬೇರೆ, ನೀರು ಬೇರೆ. ಆ ಗುಣದ ಅಂಕಿ ಒಣ ಮಣ್ಣಿಗೆ ಸುಮಾರು 3-4, ನೀರಿಗೆ ಸುಮಾರು 80. ಹಸಿ ಏರಿದಂತೆ ಮಣ್ಣಿನಿಂದ ಮರಳುವ ಅಲೆಯೂ ಬದಲಾಗುತ್ತದೆ. ಮೋಡ, ಕತ್ತಲೆ ಇದಕ್ಕೆ ಅಡ್ಡಿಯಲ್ಲ.

ನಮ್ಮ ದೇಶದ ಭಾಸ್ಕರ-1 ಉಪಗ್ರಹ 1979ರಲ್ಲೇ ಮೈಕ್ರೋವೇವ್ ಉಪಕರಣ ಹೊತ್ತು ಹೋಯಿತು, ಆದರೆ ಅದರ ಮುಖ್ಯ ಕೆಲಸ ಸಮುದ್ರದ್ದು. ಮಣ್ಣಿನ ಹಸಿಗಾಗಿಯೇ ಯುರೋಪಿನವರು 2009ರಲ್ಲಿ ಸ್ಮಾಸ್, ಅಮೆರಿಕದ ನಾಸಾ 2015ರಲ್ಲಿ ಸ್ಮ್ಯಾಪ್ ಹಾರಿಸಿದರು. ಸ್ಮ್ಯಾಪಿನ ಒಂದು ಚೌಕ ಸುಮಾರು 40 ಕಿಲೋಮೀಟರ್; ಗೋಕಾಕ, ಹುಕ್ಕೇರಿ ಎರಡೂ ಊರು ಒಂದರಲ್ಲೇ ಕೂಡಬಹುದು. ನೀರುಂಡ ಕಬ್ಬಿಗೂ ಒಣ ಜೋಳಕ್ಕೂ ಒಂದೇ ಸರಾಸರಿ ಬಂದರೆ ರೈತನಿಗೇನು ಉಪಯೋಗ?

2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ಇಸ್ರೋ-ನಾಸಾ ಜಂಟಿ ಉಪಗ್ರಹ ನಿಸಾರ್ ಈ ಕೊರತೆ ನೀಗಿಸಲು ಹೊರಟಿದೆ. 12 ದಿನಕ್ಕೊಮ್ಮೆ ಅದೇ ದಾರಿಗೆ ಮರಳುವ ಇದರಿಂದ 200 ಮೀಟರ್ ಚೌಕದ, ಅಂದರೆ ಸುಮಾರು 10 ಎಕರೆಯ ಹಸಿ ತಿಳಿಯುವ ಗುರಿ ನಾಸಾದ್ದು.

ಆಕಾಶದ ಲೆಕ್ಕಕ್ಕೆ ನೆಲದ ಸಾಕ್ಷಿ ಬೇಕೇ ಬೇಕು. ಅದಕ್ಕಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರಾನ್ಸಿನ ವಿಜ್ಞಾನಿಗಳು ಗುಂಡ್ಲುಪೇಟೆಯ ಬೇರಂಬಾಡಿ ಜಲಾನಯನದಲ್ಲಿ ರೈತರ ಹೊಲಗಳಿಗೇ ಇಳಿದು ಹಸಿ ಅಳೆದು, ಉಪಗ್ರಹದ ಅಂಕಿಗೆ ತಾಳೆ ನೋಡಿದರು. ಆ ಹೆಮ್ಮೆ ನಮ್ಮ ನಾಡಿನದು.

ಒಂದು ಮಾತು ಮರೆಯಬಾರದು. ಈ ಉಪಗ್ರಹಗಳಿಗೆ ಕಾಣುವುದು ಮೇಲಿನ ಸುಮಾರು ಎರಡು ಇಂಚು ಮಣ್ಣು. ಎತ್ತರದ ದಟ್ಟ ಕಬ್ಬಿದ್ದರೆ ಅದೂ ಮಸುಕು. ಜವಳು ಏಳುವುದು ಕೆಳಗಿನಿಂದ. ಮೇಲೆ ಒಣಗಿದ್ದರೂ ಒಂದು ಮೊಳದ ಕೆಳಗೆ ನೀರು ನಿಂತಿರಬಹುದು. ಆದ್ದರಿಂದ ಕಾಲುವೆ ನೀರು ತಿರುವುವ ಮೊದಲು ಸಲಿಕೆಯಿಂದ ಒಂದು ಅಡಿ ತೆಗೆದು ಹಿಡಿಯಲ್ಲಿ ಒತ್ತಿ ನೋಡ್ರಿ. ನಾಳೆ ಉಪಗ್ರಹದ ಅಂಕಿ ಮೊಬೈಲಿಗೆ ಬಂದರೂ ಈ ರೂಢಿ ಬಿಡಬಾರದು. ನೀರು ಉಳಿದರೆ ಕಾಲುವೆಯ ಕೊನೆಯ ಹೊಲಕ್ಕೂ ಮುಟ್ಟುತ್ತದೆ, ನಮ್ಮ ಭೂಮಿಯೂ ಮಕ್ಕಳಿಗೆ ಉಳಿಯುತ್ತದೆ.