ಹಾಲೂಡಲಾಗದ ಸಂತ ತಾಯಿ



ಕೆಲವು ವರ್ಷಗಳ ಹಿಂದೆ ನಾನು ಸೇವೆ ಸಲ್ಲಿಸುತ್ತಿದ್ದ ಧರ್ಮಕೇಂದ್ರದಲ್ಲಿ ಒಂದು ಭಾನುವಾರ ಹಸುಗೂಸೊಂದಕ್ಕೆ ದೀಕ್ಷಾಸ್ನಾನ ನೀಡಬೇಕಾಗಿತ್ತು. ಅಂದಿನ ಪ್ರಬೋಧನೆಯಲ್ಲಿ ತಾಯಿಯ ಹಾಲಿನ ಮಹಿಮೆಯನ್ನು ಬಣ್ಣಿಸಿದೆ. ಎದೆಹಾಲೂಡುವ ತಾಯಿ ದೇವರ ಪ್ರೀತಿಯ ಪ್ರತಿರೂಪ ಎಂದೆ. ಅಷ್ಟಕ್ಕೇ ನಿಲ್ಲಿಸದೆ, ಊಡದ ತಾಯಿ ಮಗುವಿಗೆ ಸಲ್ಲಬೇಕಾದುದನ್ನು ಕಸಿದುಕೊಂಡಂತೆ ಎಂದೂ ಸೇರಿಸಿದೆ. ಮುಂದಿನ ಸಾಲಿನ ಹಿರಿಯ ಹೆಂಗಸರು ತಲೆದೂಗಿದರು. ನನಗೂ ಮಾತು ಚೆನ್ನಾಗಿ ಬಂತೆಂಬ ತೃಪ್ತಿ.

ಎಲ್ಲರೂ ಹೊರಟ ಮೇಲೆ ಮಗುವಿನ ತಾಯಿ ನನ್ನ ಬಳಿಗೆ ಬಂದಳು. "ಫಾದರ್, ಐದು ವಾರ ಹಗಲಿರುಳೂ ಪ್ರಯತ್ನಿಸಿದೆ. ನನಗೆ ಹಾಲು ಸಾಲಲಿಲ್ಲ. ಮಗುವಿನ ತೂಕ ಇಳಿಯಿತು. ವೈದ್ಯರೇ ಡಬ್ಬಿಯ ಹಾಲು ಕೊಡಲು ಹೇಳಿದರು. ನೀವು ಇಂದು ಹೇಳಿದ ಆ ಕಸಿದುಕೊಂಡ ತಾಯಿ ನಾನೇ" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಗುರುಮಠದಲ್ಲಿ ವರ್ಷಗಟ್ಟಲೆ ಓದಿದ್ದ ನನ್ನಲ್ಲಿ ಅವಳಿಗೆ ಕೊಡಲು ಒಂದು ಉತ್ತರವೂ ಇರಲಿಲ್ಲ.

ಆ ಉತ್ತರವನ್ನು ಹುಡುಕುತ್ತಾ ಹೋದಾಗ ನಮ್ಮ ಧರ್ಮಸಭೆಯ ಒಬ್ಬ ಸಂತ ತಾಯಿ ಎದುರಾದಳು. ಅವಳ ಮಗಳ ಚಿತ್ರ ನಮ್ಮಲ್ಲಿ ಎಷ್ಟೋ ಮನೆಗಳ ಗೋಡೆಯ ಮೇಲಿದೆ. ತಾಯಿಯ ಕಥೆ ಮಾತ್ರ ಅಷ್ಟಾಗಿ ಯಾರಿಗೂ ತಿಳಿಯದು. ಅದನ್ನೇ ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲಿಗೆ ಒಂದು ಮಾತು. ಹೆತ್ತವಳ ಬದಲಿಗೆ ಬೇರೊಬ್ಬಳು ಹಾಲೂಡುವ ಪದ್ಧತಿ ಮನುಕುಲದಷ್ಟೇ ಹಳೆಯದು. ಸುಮಾರು 3,700 ವರ್ಷಗಳ ಹಿಂದಿನ ಬಾಬಿಲೋನಿನ ಹಮ್ಮುರಾಬಿಯ ಕಾನೂನಿನಲ್ಲೇ ಹಾಲೂಡುವ ದಾದಿಯರ ಕುರಿತ ವಿಧಿಯಿದೆ. ಪವಿತ್ರ ಬೈಬಲಿನಲ್ಲಿ ಫರೋಹನ ಮಗಳು ಮೋಶೆಗೆ ಹಾಲೂಡಲು ಒಬ್ಬ ದಾದಿಯನ್ನು ಸಂಬಳಕ್ಕೆ ನೇಮಿಸಿದಳು. ಆ ದಾದಿ ಅವನ ಹೆತ್ತ ತಾಯಿಯೇ ಆಗಿದ್ದಳು. ರೆಬೆಕ್ಕಳ ದಾದಿ ದೆಬೋರಳು ಸತ್ತಾಗ ಅವಳನ್ನು ಓಕ್ ಮರದಡಿ ಸಮಾಧಿ ಮಾಡಿ, ಆ ಮರಕ್ಕೆ ಗೋಳಾಟದ ಮರವೆಂದು ಹೆಸರಿಟ್ಟರೆಂದು ಆದಿಕಾಂಡ ತಿಳಿಸುತ್ತದೆ. ಹೆತ್ತವಳು ದೇವಕಿ, ಸಾಕಿದವಳು ಯಶೋದೆ ಎಂಬುದು ನಮ್ಮ ನಾಡಿನ ಎಲ್ಲ ಮನೆಗಳಿಗೂ ಗೊತ್ತಿರುವ ಮಾತೇ ಆಗಿದೆ.

ಆದರೆ ಯೂರೋಪಿನ ಪಟ್ಟಣಗಳಲ್ಲಿ ಈ ಪದ್ಧತಿ ಬರಬರುತ್ತಾ ಒಂದು ವ್ಯಾಪಾರವಾಗಿ ಬೆಳೆಯಿತು. 1780ರಲ್ಲಿ ಪ್ಯಾರಿಸ್ ನಗರದ ಪೊಲೀಸ್ ಮುಖ್ಯಾಧಿಕಾರಿ ಲೆನ್ವಾರ್ ಎಂಬಾತ, ಆ ನಗರದಲ್ಲಿ ವರ್ಷಕ್ಕೆ ಹುಟ್ಟುವ ಸುಮಾರು 21,000 ಮಕ್ಕಳಲ್ಲಿ ತಾಯಿಯ ಹಾಲು ಕುಡಿಯುವವರು ಸಾವಿರವೂ ಇಲ್ಲವೆಂದು ಬರೆದಿದ್ದಾನೆ. ಉಳಿದವರಲ್ಲಿ ಬಹುಪಾಲು ಮಕ್ಕಳು ಹಳ್ಳಿಯ ದಾದಿಯರ ಮನೆಗಳಿಗೆ ಹೋಗುತ್ತಿದ್ದವು. ಹೋದವುಗಳಲ್ಲಿ ಅನೇಕವು ಮರಳಿ ಬರಲಿಲ್ಲ. ನಾನು ಹೇಳಹೊರಟ ತಾಯಿ ಬದುಕಿದ್ದು ಈ ಪದ್ಧತಿ ಇನ್ನೂ ಬಲವಾಗಿದ್ದ ಕಾಲದಲ್ಲಿ, ಅದೇ ಫ್ರಾನ್ಸ್ ದೇಶದಲ್ಲಿ.

ಅವಳ ಹೆಸರು ಜೆಲಿ ಮಾರ್ಟಿನ್. ಹುಟ್ಟಿದ್ದು 1831ರಲ್ಲಿ. ನಾರ್ಮಂಡಿಯ ಅಲೆನ್ಸಾನ್ ಪಟ್ಟಣದಲ್ಲಿ ಕಸೂತಿ ಲೇಸ್ ತಯಾರಿಸುವ ಉದ್ಯಮವನ್ನು ಸ್ವಂತ ಬಲದಿಂದ ಕಟ್ಟಿ, ಹಲವು ಹೆಣ್ಣುಮಕ್ಕಳಿಗೆ ಕೆಲಸ ಕೊಟ್ಟವಳು. 1858ರಲ್ಲಿ ಗಡಿಯಾರ ತಯಾರಕ ಲೂಯಿ ಮಾರ್ಟಿನನನ್ನು ಮದುವೆಯಾದಳು. ಅವರಿಗೆ ಒಂಬತ್ತು ಮಕ್ಕಳು. ಮೊದಲ ಮಕ್ಕಳಿಗೆ ಜೆಲಿ ತಾನೇ ಹಾಲೂಡಿದಳು. ಆಮೇಲೆ ಅವಳ ದೇಹ ಸಹಕರಿಸಲಿಲ್ಲ. 1865ರಲ್ಲಿ ತನ್ನ ಎದೆಯಲ್ಲಿ ಗಂಟೊಂದಿರುವ ಸಂಗತಿಯನ್ನು ಮುಂದೆ ಔಷಧ ವ್ಯಾಪಾರಿಯಾದ ತಮ್ಮನಿಗೆ ಪತ್ರದಲ್ಲಿ ತಿಳಿಸಿದಳು. ಆಗಿನ ಕಾಲದಲ್ಲಿ ಅದಕ್ಕೆ ತಕ್ಕ ಚಿಕಿತ್ಸೆ ದೊರೆಯಲಿಲ್ಲ.

ಮುಂದೆ ಹುಟ್ಟಿದ ಮಕ್ಕಳಿಗಾಗಿ ದಾದಿಯರನ್ನು ಹುಡುಕಬೇಕಾಯಿತು. 1866ರಲ್ಲಿ ಹುಟ್ಟಿದ ಗಂಡುಮಗು ಐದು ತಿಂಗಳೂ ಬದುಕಲಿಲ್ಲ. 1867ರ ಡಿಸೆಂಬರಿನಲ್ಲಿ ಹುಟ್ಟಿದ ಇನ್ನೊಂದು ಗಂಡುಮಗು ಎಂಟು ತಿಂಗಳಲ್ಲಿ ತೀರಿಕೊಂಡಿತು. 1870ರ ಫೆಬ್ರವರಿಯಲ್ಲಿ ಐದು ವರ್ಷದ ಹೆಲೆನ್ ಹೋದಳು. ಅದೇ ವರ್ಷ ಆಗಸ್ಟಿನಲ್ಲಿ ಮೆಲಾನಿ ತೆರೇಸಾ ಹುಟ್ಟಿದಳು. ಆ ಕೂಸನ್ನು ಪಟ್ಟಣದಲ್ಲೇ ಇದ್ದ ದಾದಿಯೊಬ್ಬಳಿಗೆ ಒಪ್ಪಿಸಲಾಯಿತು. ಆ ದಾದಿಯ ನಿರ್ಲಕ್ಷ್ಯದಿಂದ ಕೂಸು ಹಸಿವಿನಲ್ಲಿ ಸೊರಗುತ್ತಿದ್ದುದು ತಾಯಿಗೆ ತಿಳಿಯುವ ಹೊತ್ತಿಗೆ ಕಾಲ ಮೀರಿತ್ತು. ಅಕ್ಟೋಬರ್ 8ರಂದು, ಎರಡು ತಿಂಗಳೂ ತುಂಬದ ಆ ಕೂಸು ಕಣ್ಮುಚ್ಚಿತು.

ಈ ನೋವನ್ನು ಹೊತ್ತವಳಿಗೆ, ತನ್ನ 41ನೆಯ ವಯಸ್ಸಿನಲ್ಲಿ, 1873ರ ಜನವರಿ 2ರಂದು ಒಂಬತ್ತನೆಯ ಮಗು ಹುಟ್ಟಿತು. ಹೆಣ್ಣುಮಗು. ಅದಕ್ಕೂ ತೆರೇಸಾ ಎಂದೇ ಹೆಸರಿಟ್ಟರು. ಈ ಕೂಸಿಗಾದರೂ ತಾನೇ ಹಾಲೂಡುವ ಭಾಗ್ಯ ದೊರೆಯಲಿ ಎಂಬ ಆಸೆ ಹೆರಿಗೆಗೆ ಮುಂಚೆ ಅವಳು ಬರೆದ ಪತ್ರದಲ್ಲಿ ಕಾಣುತ್ತದೆ. ಆ ಆಸೆ ಈಡೇರಲಿಲ್ಲ. ಮಗು ಕರುಳಿನ ಬೇನೆಯಿಂದ ದಿನೇದಿನೇ ಇಳಿಯಿತು.

ಓದುಗರೇ, ಈ ತಾಯಿಯ ಸ್ಥಾನದಲ್ಲಿ ಒಂದು ಕ್ಷಣ ನಿಂತು ನೋಡಿ. ಮಗುವನ್ನು ತನ್ನ ಬಳಿಯೇ ಇಟ್ಟುಕೊಂಡರೆ ಹಾಲಿಲ್ಲದೆ ಸಾಯಬಹುದು. ದಾದಿಗೆ ಕೊಟ್ಟರೆ ಮೆಲಾನಿಯಂತೆಯೇ ಸಾಯಬಹುದು. ಹಸುವಿನ ಹಾಲು ಕೊಡೋಣವೆಂದರೆ ಅದನ್ನು ರೋಗಾಣುಗಳಿಂದ ಮುಕ್ತಗೊಳಿಸಬೇಕೆಂಬ ತಿಳಿವಳಿಕೆ ಇನ್ನೂ ಮನೆಗಳಿಗೆ ತಲುಪಿರಲಿಲ್ಲ. ಉದ್ದನೆಯ ರಬ್ಬರ್ ಕೊಳವೆ ಜೋಡಿಸಿದ ಹಾಲಿನ ಸೀಸೆಗಳು ಆಗ ಬಳಕೆಯಲ್ಲಿದ್ದವು. ಕೊಳವೆಯ ಒಳಗನ್ನು ತೊಳೆಯಲು ಬರುತ್ತಿರಲಿಲ್ಲವಾದ್ದರಿಂದ ಅವು ರೋಗದ ಗೂಡುಗಳಾಗಿದ್ದವು. ಫ್ರಾನ್ಸ್ ಅವುಗಳನ್ನು ಕಾನೂನಿನ ಮೂಲಕ ನಿಷೇಧಿಸಿದ್ದು 1910ರಲ್ಲಿ.

ಮಾರ್ಚ್ ತಿಂಗಳಲ್ಲಿ ವೈದ್ಯರು ಸ್ಪಷ್ಟವಾಗಿ ಹೇಳಿದರು: ಎದೆಹಾಲು ಸಿಕ್ಕದಿದ್ದರೆ ಮಗು ಉಳಿಯದು. ಪತಿ ಲೂಯಿ ಆಗ ಊರಲ್ಲಿರಲಿಲ್ಲ. ಜೆಲಿಗೆ ನೆನಪಾದವಳು ಸೆಮಾಲೆ ಎಂಬ ಹಳ್ಳಿಯ ರೈತ ಹೆಂಗಸು ರೋಸ್ ತಾಯ್ಯೆ. ಹಿಂದೆ ಜೆಲಿಯ ಗಂಡುಕೂಸಿಗೆ ಹಾಲೂಡಿದ ನಂಬಿಕಸ್ಥೆ. ಇರುಳನ್ನು ಹೇಗೋ ಕಳೆದು, ಬೆಳಕು ಹರಿಯುತ್ತಿದ್ದಂತೆ ಜೆಲಿ ಒಬ್ಬಳೇ ಕಾಲ್ನಡಿಗೆಯಲ್ಲಿ ಹೊರಟಳು. ದಾರಿಯಲ್ಲಿ ಎದುರಾದ ಇಬ್ಬರು ಅಪರಿಚಿತರನ್ನು ಕಂಡು ಅಂಜಿದರೂ ಹಿಂದಿರುಗಲಿಲ್ಲ. ರೋಸಳಿಗೂ ಒಂದು ವರ್ಷದ ಕೂಸಿತ್ತು. ಅವಳ ಗಂಡ ಸುಲಭವಾಗಿ ಒಪ್ಪಲಿಲ್ಲ. ಆದರೂ ಅವಳು ಹೊರಟು ಬಂದಳು.

ಬಂದವಳು ಮಗುವನ್ನು ನೋಡಿ, ಬಂದದ್ದು ವ್ಯರ್ಥವಾಯಿತೆಂಬಂತೆ ತಲೆಯಾಡಿಸಿದಳು. ಜೆಲಿ ಮಹಡಿಯ ಕೋಣೆಗೆ ಹೋಗಿ ಸಂತ ಜೋಸೆಫರ ಪ್ರತಿಮೆಯ ಮುಂದೆ ಮೊಣಕಾಲೂರಿ, ಮಗುವನ್ನು ಉಳಿಸಿಕೊಡಿರೆಂದು ಬೇಡಿ, ದೇವರ ಚಿತ್ತಕ್ಕೆ ತನ್ನನ್ನು ಒಪ್ಪಿಸಿಕೊಂಡಳು. ಕೆಳಗಿಳಿದು ಬಂದಾಗ ಕೂಸು ರೋಸಳ ಎದೆಯಲ್ಲಿ ಆತುರದಿಂದ ಹಾಲು ಹೀರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಹೀರುವುದನ್ನು ನಿಲ್ಲಿಸಿ ಸತ್ತಂತೆ ಹಿಂದಕ್ಕೆ ಒರಗಿತು. ಉಸಿರೂ ಕಾಣಲಿಲ್ಲ. ಕಾಲು ಗಂಟೆಯ ಬಳಿಕ ಕಣ್ಣು ತೆರೆದು ನಕ್ಕಿತು.

ಕೆಲವೇ ದಿನಗಳಲ್ಲಿ ರೋಸ್ ಮಗುವನ್ನು ತನ್ನ ಹಳ್ಳಿಗೆ ಒಯ್ದಳು. ತೆರೇಸಾ ಅಲ್ಲಿ ಒಂದು ವರ್ಷಕ್ಕೂ ಮಿಕ್ಕಿ ಬೆಳೆದಳು. ಹುಲ್ಲು ತುಂಬಿದ ತಳ್ಳುಗಾಡಿಯ ಮೇಲೆ ಕುಳಿತು ಹೊಲಕ್ಕೆ ಹೋಗಿ ಬರುತ್ತಾ ದುಂಡಗಾದಳು. ರೋಸ್ ಬೆಣ್ಣೆ ಮಾರಲು ಪಟ್ಟಣಕ್ಕೆ ಬಂದಾಗ ಮಗುವನ್ನು ಜೆಲಿಯ ಮನೆಯಲ್ಲಿ ಬಿಟ್ಟರೆ ಅದು ನಿಲ್ಲುತ್ತಿರಲಿಲ್ಲ. ಹೆತ್ತ ತಾಯಿಯ ತೋಳಿನಲ್ಲಿ ಚೀರಿ ಅತ್ತು, ಕೊನೆಗೆ ಸಂತೆಯಲ್ಲಿದ್ದ ರೋಸಳ ಬಳಿಗೆ ಒಯ್ದ ಮೇಲೆಯೇ ಸುಮ್ಮನಾಗುತ್ತಿತ್ತು. ತನ್ನ ಮಗು ತನ್ನನ್ನು ಒಲ್ಲದೆ ಇನ್ನೊಬ್ಬಳಿಗಾಗಿ ಅಳುವುದನ್ನು ಜೆಲಿ ಕಣ್ಣಾರೆ ಕಂಡಳು. ಆದರೂ ಅವಳು ಅವಸರ ಮಾಡಲಿಲ್ಲ. ಮಗು ಮನೆಗೆ ಮರಳಿದ್ದು 1874ರ ಏಪ್ರಿಲ್ 2ರಂದು, ಸಂಪೂರ್ಣ ಆರೋಗ್ಯದಿಂದ.

ಆ ಮಗುವೇ ಬಾಲಯೇಸುವಿನ ಸಂತ ತೆರೇಸಾ, ನಮ್ಮ ಮನೆಗಳಲ್ಲಿರುವ ಗುಲಾಬಿ ಹಿಡಿದ ಚಿತ್ರದ ಸಂತಳು. 1925ರಲ್ಲಿ ಅವಳಿಗೆ ಸಂತ ಪದವಿ ಸಂದಿತು. 1997ರಲ್ಲಿ ಪೋಪ್ ಎರಡನೆಯ ಜಾನ್ ಪಾಲರು ಅವಳನ್ನು ಧರ್ಮಸಭೆಯ ಪಂಡಿತಳೆಂದು ಘೋಷಿಸಿದರು. ಜೆಲಿ ಇದಾವುದನ್ನೂ ಕಾಣಲಿಲ್ಲ. ಎದೆಯ ಗಂಟು ಕ್ಯಾನ್ಸರಾಗಿ, 1876ರ ಕೊನೆಯಲ್ಲಿ ವೈದ್ಯರು ಕೈಚೆಲ್ಲಿದರು. 1877ರ ಆಗಸ್ಟ್ 28ರಂದು, ತೆರೇಸಾ ನಾಲ್ಕು ವರ್ಷದವಳಿದ್ದಾಗ, ಜೆಲಿ ತೀರಿಕೊಂಡಳು. 2015ರ ಅಕ್ಟೋಬರ್ 18ರಂದು ಪೋಪ್ ಫ್ರಾನ್ಸಿಸರು ಜೆಲಿ ಮತ್ತು ಲೂಯಿ ಇಬ್ಬರಿಗೂ ಒಟ್ಟಿಗೆ ಸಂತ ಪದವಿಯನ್ನಿತ್ತರು. ಹಾಲೂಡಲಾರದೆ ಮಗುವನ್ನು ಇನ್ನೊಬ್ಬಳ ಮಡಿಲಿಗೆ ಒಪ್ಪಿಸಿದ ತಾಯಿಯನ್ನು ಧರ್ಮಸಭೆ ಬಲಿಪೀಠದ ಗೌರವಕ್ಕೆ ಏರಿಸಿತು.

ಇತಿಹಾಸ ಅಲ್ಲಿಗೇ ನಿಲ್ಲಲಿಲ್ಲ. ತೆರೇಸಾ ಮನೆಗೆ ಮರಳಿದ ವರ್ಷವೇ, 1874ರ ಡಿಸೆಂಬರ್ 23ರಂದು, ವೈದ್ಯರೂ ಜನಪ್ರತಿನಿಧಿಯೂ ಆಗಿದ್ದ ತಿಯೋಫಿಲ್ ರೂಸೆಲ್ ಅವರ ಪ್ರಯತ್ನದಿಂದ ಫ್ರಾನ್ಸಿನಲ್ಲಿ ಒಂದು ಕಾನೂನು ಬಂದಿತು. ಸಂಬಳಕ್ಕಾಗಿ ಪರರ ಮನೆಯಲ್ಲಿ ಸಾಕಲು ಕೊಟ್ಟ ಎರಡು ವರ್ಷದೊಳಗಿನ ಮಕ್ಕಳೆಲ್ಲರೂ ಸರ್ಕಾರದ ಮೇಲ್ವಿಚಾರಣೆಗೆ ಒಳಪಟ್ಟರು. ದಾದಿಯ ಸ್ವಂತ ಕೂಸಿಗೆ ಏಳು ತಿಂಗಳಾದರೂ ತುಂಬಿರಬೇಕು, ಇಲ್ಲವೇ ಅದಕ್ಕೆ ಹಾಲೂಡಲು ಬೇರೊಬ್ಬಳಿರಬೇಕು ಎಂಬ ನಿಯಮವೂ ಅದರಲ್ಲಿತ್ತು. ಉಳ್ಳವರ ಮಗುವಿಗಾಗಿ ಬಡವಳ ಮಗು ಬರಿಹೊಟ್ಟೆಯಲ್ಲಿರಬಾರದೆಂಬ ವಿವೇಕ ಅದು. 1894ರಲ್ಲಿ ಅದೇ ನಾರ್ಮಂಡಿಯ ಫೆಕಾಂ ಪಟ್ಟಣದಲ್ಲಿ ಡಾಕ್ಟರ್ ಲಿಯೋನ್ ಡುಫೂರ್ 'ಹಾಲಿನ ಹನಿ' ಎಂಬ ಹೆಸರಿನ ಕೇಂದ್ರವನ್ನು ತೆರೆದರು. ತಾಯಂದಿರಿಗೆ ಮೊದಲು ಎದೆಹಾಲೂಡಲು ಪ್ರೋತ್ಸಾಹ. ಆಗದವರಿಗೆ ಶುದ್ಧೀಕರಿಸಿದ ಹಾಲು. ಆಗದವರನ್ನು ಅವರು ದೂರಲಿಲ್ಲ, ಅವರ ಮಗುವಿಗೆ ದಾರಿ ಮಾಡಿಕೊಟ್ಟರು.

ಆದರೆ ನಾಣ್ಯಕ್ಕೆ ಇನ್ನೊಂದು ಮುಖವೂ ಇದೆ. 1867ರಲ್ಲಿ ಸ್ವಿಟ್ಜರ್ಲೆಂಡಿನ ಹೆನ್ರಿ ನೆಸ್ಲೆ ಶಿಶು ಆಹಾರದ ಪುಡಿಯನ್ನು ಮಾರುಕಟ್ಟೆಗೆ ತಂದ ನಂತರ ಡಬ್ಬಿಯ ಹಾಲು ಒಂದು ದೊಡ್ಡ ಉದ್ಯಮವಾಯಿತು. ಮುಂದಿನ ಶತಮಾನದಲ್ಲಿ ಶುದ್ಧ ನೀರಿಲ್ಲದ ಬಡ ದೇಶಗಳಲ್ಲೂ ಅದರ ಜಾಹೀರಾತು ಹರಡಿ ಅನೇಕ ಮಕ್ಕಳು ಬಲಿಯಾದರು. ಆದ್ದರಿಂದಲೇ 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆ ಈ ಮಾರಾಟಕ್ಕೆ ನೀತಿಸಂಹಿತೆಯನ್ನು ಅಂಗೀಕರಿಸಿತು. ನಮ್ಮ ದೇಶ 1992ರಲ್ಲಿ ಕಾನೂನು ತಂದು, 2003ರಲ್ಲಿ ಅದನ್ನು ಬಿಗಿಗೊಳಿಸಿ, ಶಿಶುಹಾಲಿನ ಜಾಹೀರಾತನ್ನು ನಿಷೇಧಿಸಿತು. ಎದೆಹಾಲಿಗೆ ಸಮನಾದುದಿಲ್ಲ ಎಂಬುದು ನಿಜವೇ. ಮೊದಲ ಆರು ತಿಂಗಳು ಅದೊಂದೇ ಸಾಕೆಂದು ವೈದ್ಯರು ಹೇಳುತ್ತಾರೆ. ನನ್ನ ಪ್ರಬೋಧನೆಯ ತಪ್ಪಿದ್ದದ್ದು ಹಾಲನ್ನು ಹೊಗಳಿದ್ದರಲ್ಲಿ ಅಲ್ಲ, ತಾಯಿಯನ್ನು ಅದರಿಂದ ಅಳೆದದ್ದರಲ್ಲಿ.

ಈಗ ಮನೆಯಲ್ಲಿ ಬಾಣಂತಿಯಿರುವ ಓದುಗರಿಗೆ ನಾಲ್ಕು ಮಾತು. ಹಾಲು ಸಾಲದೆಂಬ ಭಯ ಮೊದಲ ವಾರಗಳಲ್ಲಿ ಬಹುತೇಕ ತಾಯಂದಿರಿಗೆ ಬರುತ್ತದೆ. ಮಗು ಹೀರಿದಷ್ಟೂ ಹಾಲು ಹೆಚ್ಚುವುದು ದೇಹದ ನಿಯಮ. ಮಗುವನ್ನು ಹಿಡಿಯುವ ಕ್ರಮವನ್ನು ತಿದ್ದಿದರೆ, ತಾಯಿಗೆ ಊಟ ನಿದ್ರೆ ಸಿಕ್ಕರೆ, ಎಷ್ಟೋ ಸಲ ತೊಂದರೆ ನೀಗುತ್ತದೆ. ಆದ್ದರಿಂದ ನಿಲ್ಲಿಸುವ ಮುನ್ನ ವೈದ್ಯರನ್ನೋ ದಾದಿಯನ್ನೋ ಕೇಳಬೇಕು. ಮಗುವಿನ ತೂಕ ಏರುತ್ತಿದೆಯೇ, ಅದು ಸಾಕಷ್ಟು ಬಾರಿ ಮೂತ್ರ ಮಾಡುತ್ತಿದೆಯೇ ಎಂಬುದೇ ಸಾಕ್ಷಿ, ನೆರೆಮನೆಯವರ ಮಾತಲ್ಲ. ಜೇನು, ಸಕ್ಕರೆ ನೀರು, ನೀರು ಬೆರೆಸಿದ ಹಸುವಿನ ಹಾಲು ಎಳೆಗೂಸಿಗೆ ಬೇಡ. ಎದೆಯಲ್ಲಿ ಗಂಟು ಕಂಡರೆ ನಾಚದೆ ಕೂಡಲೇ ತೋರಿಸಿ. ಜೆಲಿಗೆ ಇಲ್ಲದ ಚಿಕಿತ್ಸೆ ಇಂದು ನಮಗಿದೆ. ಇಷ್ಟೆಲ್ಲ ಆದ ಮೇಲೂ ವೈದ್ಯರು ಬೇರೆ ಹಾಲು ಬೇಕೆಂದರೆ, ಕುದಿಸಿದ ನೀರಿನಲ್ಲಿ ಸರಿಯಾದ ಅಳತೆಯಲ್ಲಿ ಬೆರೆಸಿ, ಶುಚಿಯಾದ ಪಾತ್ರೆಯಲ್ಲಿ, ನೆಮ್ಮದಿಯಿಂದ ಕೊಡಿ. ಅದು ಸೋಲಲ್ಲ.

ರೋಸಳ ಮಡಿಲು ಇಂದು ಬೇರೆ ರೂಪದಲ್ಲಿಯೂ ಇದೆ. 1989ರಲ್ಲಿ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಡಾಕ್ಟರ್ ಆರ್ಮಿಡಾ ಫರ್ನಾಂಡಿಸ್ ಅವರು ಏಷ್ಯಾದ ಮೊದಲ ತಾಯಿಹಾಲಿನ ಬ್ಯಾಂಕನ್ನು ಆರಂಭಿಸಿದರು. ಒಬ್ಬ ತಾಯಿ ದಾನ ಮಾಡಿದ ಹಾಲು ಅವಧಿಗೆ ಮುನ್ನ ಹುಟ್ಟಿದ ಇನ್ನೊಬ್ಬಳ ಮಗುವನ್ನು ಉಳಿಸುತ್ತದೆ. ಬೆಂಗಳೂರಿನ ಆಸ್ಪತ್ರೆಗಳಲ್ಲಿಯೂ ಇಂಥ ಬ್ಯಾಂಕುಗಳು ಬಂದಿವೆ. ಹಾಲು ಹೆಚ್ಚಿರುವ ತಾಯಂದಿರು ಈ ಬಗ್ಗೆ ವಿಚಾರಿಸಬಹುದು.

ಅತ್ತೆಯಂದಿರೇ, ಅಜ್ಜಿಯಂದಿರೇ, ಬಾಣಂತಿಯ ಕೋಣೆಗೆ ಹೋಗುವ ಮುನ್ನ ನಾಲಗೆಯನ್ನು ಬಾಗಿಲಲ್ಲೇ ಬಿಟ್ಟು ಹೋಗಿ, ಬೇಕಾದರೆ ಬಿಸಿಗಂಜಿ ಒಯ್ಯಿರಿ. ಗಂಡಂದಿರೇ, ರಾತ್ರಿ ಎದ್ದು ಮಗುವನ್ನು ಎತ್ತಿಕೊಳ್ಳಿ.

ಅಂದು ನನ್ನ ಬಳಿ ಬಂದ ತಾಯಿಗೆ ಒಂದು ವಾರದ ನಂತರ ಅವಳ ಮನೆಗೇ ಹೋಗಿ ಕ್ಷಮೆ ಕೇಳಿದೆ. ಜೆಲಿಯ ಕಥೆಯನ್ನು ಹೇಳಿದೆ. ಅವಳು ಮೌನವಾಗಿ ಕೇಳಿ, "ಆ ಮಗು ಸಂತೆಯಲ್ಲಿ ರೋಸಳಿಗಾಗಿ ಅತ್ತಾಗ ಆ ತಾಯಿಗೆ ಹೇಗಾಗಿರಬೇಕು ಫಾದರ್!" ಎಂದಳು. ನಾನು ಹತ್ತು ಸಲ ಓದಿದ್ದರೂ ಆ ಪ್ರಶ್ನೆಯನ್ನು ಕೇಳಿಕೊಂಡಿರಲಿಲ್ಲ. ಅಷ್ಟರಲ್ಲಿ ಮಗು ಎದ್ದಿತು. ಅವಳು ಸೀಸೆಯನ್ನು ತೊಳೆದು, ನೀರಿನ ಬಿಸಿಯನ್ನು ಮುಂಗೈಗೆ ತಾಗಿಸಿ ನೋಡಿ, ಮಗುವನ್ನು ಎದೆಗವಚಿಕೊಂಡು ಹಾಲು ಕುಡಿಸತೊಡಗಿದಳು. ಮಗು ತಾಯಿಯ ಮುಖವನ್ನೇ ನೋಡುತ್ತಿತ್ತು.