ಸಕ್ಕರೆ ಆರತಿಯ ಅಚ್ಚು ಮತ್ತು ನಮ್ಮ ಸಂಘ

ನಮ್ಮ ಸಂಘವು ಬೆಳ್ಳಿ ಹಬ್ಬವನ್ನು ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ ಸಾಲ, ಠೇವು, ಲಾಭದ ಅಂಕಿ-ಸಂಖ್ಯೆಗಳನ್ನು ತಾವು ಕಾರ್ಯದರ್ಶಿಗಳ ವರದಿಯಲ್ಲಿ ಓದಿಯೇ ಇರುತ್ತೀರಿ. ಹೆಚ್ಚು ಕಲಿಯದ ರೈತರಾದ ನಾವು ಇಲ್ಲಿ ಬೇರೊಂದು ಸಂಗತಿ ಬರೆಯಬಯಸುತ್ತೇವೆ. ಅದು ಗೌರಿ ಹುಣ್ಣಿಮೆಯ ಸಕ್ಕರೆ ಆರತಿಯದು.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ದೀಪಾವಳಿ ಮುಗಿದು ಕಾರ್ತಿಕದ ಹುಣ್ಣಿಮೆ ಬಂತೆಂದರೆ ಹೆಣ್ಣುಮಕ್ಕಳು ಆನೆ, ಕುದುರೆ, ಒಂಟೆ, ನವಿಲು, ತೇರು, ಶಿವ-ಪಾರ್ವತಿಯರ ಸಕ್ಕರೆ ಗೊಂಬೆಗಳನ್ನು ತಟ್ಟೆಯಲ್ಲಿಟ್ಟು, ದೀಪ ಹಚ್ಚಿ ಗೌರಮ್ಮನಿಗೆ ಬೆಳಗುತ್ತಾರೆ. ಮದುವೆ ಗೊತ್ತಾದ ಹುಡುಗಿಗೆ ಬೀಗರು ಸೀರೆಯ ಜೊತೆ ಸಕ್ಕರೆ ಆರತಿ ತರುವುದು ನಮ್ಮಲ್ಲಿಯ ಪದ್ಧತಿ. ಮೈಸೂರು ಕಡೆ ಇದೇ ಸಕ್ಕರೆ ಅಚ್ಚನ್ನು ಸಂಕ್ರಾಂತಿಗೆ ಎಳ್ಳು-ಬೆಲ್ಲದ ಸಂಗಡ ಬೀರುತ್ತಾರೆ. ದೂರದ ಈಜಿಪ್ಟ್ ದೇಶದಲ್ಲಿಯೂ ಪ್ರವಾದಿಗಳ ಜನ್ಮದಿನಕ್ಕೆ ಕಟ್ಟಿಗೆ ಅಚ್ಚಿನಲ್ಲಿ ಸಕ್ಕರೆಯ ಗೊಂಬೆ, ಕುದುರೆ ಸವಾರನನ್ನು ಎರೆಯುವ ರೂಢಿಯುಂಟು.

ಎರಕದ ವಿದ್ಯೆ ನಮ್ಮ ನೆಲಕ್ಕೆ ಹೊಸದಲ್ಲ. ಈ ಸೀಮೆಯನ್ನಾಳಿದ ಕಲ್ಯಾಣ ಚಾಲುಕ್ಯರ 3ನೇ ಸೋಮೇಶ್ವರನು 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮೇಣದಿಂದ ರೂಪ ಮಾಡಿ, ಮಣ್ಣು ಮೆತ್ತಿ, ಮೇಣ ಕರಗಿಸಿ, ಲೋಹ ಎರೆದು ಮೂರ್ತಿ ಮಾಡುವ ಕ್ರಮವಿದೆ. ಅಲ್ಲಿ ಮಣ್ಣಿನ ಅಚ್ಚನ್ನು ಒಡೆದೇ ಮೂರ್ತಿ ತೆಗೆಯಬೇಕು. ನಮ್ಮ ಕಟ್ಟಿಗೆ ಅಚ್ಚು ಮಾತ್ರ ಅಜ್ಜಿಯಿಂದ ಸೊಸೆಗೆ, ಸೊಸೆಯಿಂದ ಮೊಮ್ಮಗಳಿಗೆ ಬರುತ್ತದೆ.

ನಾವು ಹುಡುಗರಿದ್ದಾಗ ಓಣಿಯ ಅಜ್ಜಿಯೊಬ್ಬರ ಒಲೆ ಮುಂದೆ ಕುಳಿತು ಇದನ್ನು ಕಲಿತೆವು. ಎರಡು ಹೋಳಿನ ಅಚ್ಚನ್ನು ಮೊದಲು ನೀರಿನಲ್ಲಿ ನೆನೆಹಾಕಬೇಕು. ಒಣ ಅಚ್ಚಿಗೆ ಪಾಕ ಅಂಟಿದರೆ ಗೊಂಬೆ ಬಿಡುವುದಿಲ್ಲ. ನೆನೆದ ಮೇಲೆ ಎರಡೂ ಹೋಳು ಜೋಡಿಸಿ ದಾರದಿಂದ ಬಿಗಿಯಬೇಕು. ಸಕ್ಕರೆಗೆ ನೀರು ಹಾಕಿ ಕುದಿಸುವಾಗ ಸ್ವಲ್ಪ ಹಾಲು ಬಿಟ್ಟರೆ ಹೊಲಸು ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು, ಅರಿವೆಯಲ್ಲಿ ಸೋಸಿ, ಮತ್ತೆ ಕಾಯಿಸಬೇಕು. ಗಟ್ಟಿಯಾಗುತ್ತಿರುವ ಪಾಕವನ್ನು ಸೌಟಿನಿಂದ ಪಾತ್ರೆಯ ಬದಿಗೆ ತಿಕ್ಕಿದಾಗ ಬೆಳ್ಳಗಾದರೆ ಅದೇ ಎರೆಯುವ ಹದ. ನಾವು ಅವಸರ ಮಾಡಿ ಎರೆದೆವು; ಕುದುರೆ ಹೊರಗೆ ಬಂತು, ನಾಲ್ಕೂ ಕಾಲು ಅಚ್ಚಿನಲ್ಲೇ ಉಳಿದವು! ಅಜ್ಜಿ ನಕ್ಕು, “ತಮ್ಮಾ, ಅಚ್ಚ ರೊಕ್ಕಕ್ಕ ಸಿಗತಾವು, ಹದ ಸಿಗೂದಿಲ್ಲ” ಎಂದರು.

ಈಗ ಒಂದು ತಪ್ಪೊಪ್ಪಿಗೆ. ಕೆಲವು ವರ್ಷಗಳ ಹಿಂದೆ ಅದೇ ಅಜ್ಜಿಯ ಸೊಸೆ ದೀಪಾವಳಿಗೆ ಮೊದಲು ಸಕ್ಕರೆ ಕೊಳ್ಳಲು ಸಣ್ಣ ಸಾಲ ಕೇಳಿ ಅರ್ಜಿ ಕೊಟ್ಟರು. ಉತಾರ ಇಲ್ಲ, ಇದು ಬೆಳೆಸಾಲ ಅಲ್ಲ ಎಂದು ತಿರಸ್ಕರಿಸಿದೆವು. ಆ ಸಭೆಯಲ್ಲಿ ನಾವೂ ಸಹಿ ಮಾಡಿದ್ದೆವು. ಅವರು ಕೈಗಡ ತಂದು ಆ ವರ್ಷ ಆರತಿ ಮಾಡಿದರು, ಬಡ್ಡಿಗೇ ಲಾಭವೆಲ್ಲ ಹೋಯಿತು. ಮರುವರ್ಷ ಅಚ್ಚುಗಳನ್ನು ಹಳೇ ಸಾಮಾನಿನವರಿಗೆ ಕೊಟ್ಟುಬಿಟ್ಟರು. ಆ ಓಣಿಯಲ್ಲಿ ಹುಣ್ಣಿಮೆ ಮುಂದೆ ಪಾಕದ ವಾಸನೆ ಬರುವುದು ನಿಂತಿತು.

ಸಹಕಾರಿ ಬಂಧುಗಳೇ, 1905ರಲ್ಲಿ ನಮ್ಮ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದ್ದು ನಮಗೆಲ್ಲ ಹೆಮ್ಮೆ. ಭಾಷಣದಲ್ಲಿ ಅವರ ಹೆಸರು ಹೇಳದೆ ನಾವು ಕೂಡುವುದಿಲ್ಲ. ಆದರೆ ಅದಕ್ಕೆ ದಾರಿ ಮಾಡಿದ 1904ರ ಕಾಯ್ದೆಯು ರೈತರ ಹೆಸರಿನ ಜೊತೆಗೇ ಕೈಕಸುಬಿನವರನ್ನೂ ಅಲ್ಪ ಆದಾಯದವರನ್ನೂ ಹೇಳಿತ್ತೆಂಬುದನ್ನು ನಾವು ಮರೆತೆವು.

ಊರಲ್ಲಿ ಹದ ಬಲ್ಲ ಕೈಗಳು ಇನ್ನೂ ಒಂದೆರಡು ಇವೆ. ಇಬ್ಬರು ಸದಸ್ಯರ ಜಾಮೀನಿನ ಮೇಲೆ ದೀಪಾವಳಿಗೆ ಮೊದಲು ಕೊಟ್ಟು, ಹುಣ್ಣಿಮೆ ನಂತರ ವಸೂಲು ಮಾಡುವ ಸಣ್ಣ ಸಾಲವೊಂದನ್ನು ಬರುವ ಸರ್ವಸಾಧಾರಣ ಸಭೆಯಲ್ಲಿ ಠರಾವು ಮಾಡಬೇಕೆಂದು ನಮ್ಮ ವಿನಂತಿ. ಅಂದು ಮಾಡಿದ ಸಹಿಗೆ ಬದಲಾಗಿ ಈ ಠರಾವಿಗೆ ಮೊದಲ ಸಹಿ ನಮ್ಮದೇ ಇರಲಿ.